‘ಸೂಪರ್ ಅಕ್ಕ’ ಅಂದವರಿಂದ ನಾನೇನೂ ಕಲಿಯಲಿಲ್ಲ

ಸಾಗರದಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಬೆಳಿಗ್ಗೆ ಒಂಬತ್ತಕ್ಕೆ ಶಟರ್ ಎತ್ತಿದರೆ ರಾತ್ರಿ ಒಂಬತ್ತಕ್ಕೆ ಇಳಿಸುವುದು. ಎಲ್ಲಾದರೂ ಯಕ್ಷಗಾನದ ಆಟ ಇದೆ ಅಂತ ಗೊತ್ತಾದರೆ ಶಟರ್ ಇಳಿಸಿದವಳೇ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಡುತ್ತೇನೆ. ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ತಗೊಂಡು ಹನ್ನೊಂದು ವರ್ಷ ಆಯಿತು. ಮೊದಲ ಆರು ವರ್ಷ ತೆಗೆದಿದ್ದೆಲ್ಲ ಯಕ್ಷಗಾನವೇ. ತೆಗೆದು ನೆಂಟರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ‘ಸೂಪರ್ ಅಕ್ಕ’, ‘ಸಖತ್’, ಎರಡು ಚಪ್ಪಾಳೆ, ಒಂದು ಬೆಂಕಿ. ಆರು ವರ್ಷವೂ ಅಷ್ಟೇ.

ಒಂದು ದಿನ ಬಿಪಿ ಮಾತ್ರೆಗೆ ಬಂದ ಬಸ್ ಕಂಡಕ್ಟರೊಬ್ಬರು ಅಂಗಡಿಯ ಗೋಡೆ ಮೇಲಿದ್ದ ಫೋಟೋ ನೋಡಿದರು. ಕೌರವನ ವೇಷ. ಖರ್ಚು ಮಾಡಿ ಫ್ರೇಮ್ ಹಾಕಿಸಿದ್ದೆ. ಅವರು ಚಿಲ್ಲರೆ ಎಣಿಸಿಕೊಳ್ಳುತ್ತಾ, ‘ಅಕ್ಕಾ, ಕೌರವನ ಕಿರೀಟದಿಂದ ಮೈಕಿನ ಕಂಬ ಹುಟ್ಟಿದೆಯಲ್ಲ’ ಅಂದರು. ತಿರುಗಿ ನೋಡಿದೆ. ಹೌದು. ಹಿಂದೆ ಕೂತ ಭಾಗವತರ ಮೈಕ್ ಸ್ಟ್ಯಾಂಡ್ ನೆಟ್ಟಗೆ ಕಿರೀಟದ ಮೇಲೆ ಎದ್ದು ನಿಂತಿದೆ. ದಿನಾ ಹನ್ನೆರಡು ಗಂಟೆ ಆ ಫೋಟೋದ ಎದುರಿಗೇ ನಿಲ್ಲುವ ನನಗೆ ಅದು ಕಂಡಿರಲೇ ಇಲ್ಲ.

ಆ ರಾತ್ರಿ ಹಾರ್ಡ್ ಡಿಸ್ಕ್ ತೆಗೆದು ಕೂತೆ. ಕೌರವನಿಗೆ ಕಂಬ, ಮೋಹಿನಿಗೆ ಕಂಬ, ಹನುಮಂತನಿಗೆ ಎರಡೆರಡು ಕಂಬ. ಎರಡು ಹೆಜ್ಜೆ ಎಡಕ್ಕೆ ಸರಿದು ನಿಂತಿದ್ದರೆ ಮುಗಿದುಹೋಗುತ್ತಿತ್ತು. ಆರು ವರ್ಷದಲ್ಲಿ ಒಬ್ಬರೂ ಹೇಳಲಿಲ್ಲ. ನನ್ನ ಮೇಲಿನ ಪ್ರೀತಿಗೆ ಹೇಳಲಿಲ್ಲ ಅನ್ನುವುದೂ ಗೊತ್ತು, ಅದಕ್ಕೇ ಯಾರನ್ನೂ ಬೈಯುವ ಹಾಗೂ ಇಲ್ಲ.

ಈಗ ನಾವು ಏಳು ಜನ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಅಂಗಡಿ ಮೇಲಿನ ಸ್ಟಾಕ್ ರೂಮಿನಲ್ಲಿ ಸೇರುತ್ತೇವೆ. ನಾನು, ಕಂಡಕ್ಟರು, ಒಬ್ಬರು ರಿಟೈರ್ಡ್ ಹೆಡ್‌ಮಾಸ್ಟರು, ಇಂಜಿನಿಯರಿಂಗ್ ಓದುವ ಒಬ್ಬ ಹುಡುಗಿ, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರೊಬ್ಬರು, ಗಂಧದ ಕೆತ್ತನೆ ಮಾಡುವ ಗುಡಿಗಾರರೊಬ್ಬರು, ಮತ್ತೆ ರೀಲಿನ ಕಾಲದಲ್ಲಿ ಸ್ಟುಡಿಯೋ ಇಟ್ಟಿದ್ದ ಒಬ್ಬರು ಯಜಮಾನರು. ಐದು ವರ್ಷದಲ್ಲಿ ಜಗಳ ಆಡಿ, ಮುನಿಸಿಕೊಂಡು, ಕೊನೆಗೆ ಒಂದು ದಾರಿ ಕಂಡುಕೊಂಡಿದ್ದೇವೆ. ನಿಮ್ಮೂರಲ್ಲೂ ಇಂಥ ನಾಲ್ಕು ಜನ ಇದ್ದರೆ ಉಪಯೋಗಕ್ಕೆ ಬರಬಹುದು ಅಂತ ಬರೆಯುತ್ತಿದ್ದೇನೆ.

ತರುವುದು ಏನು, ಹೇಗೆ

ಒಬ್ಬರಿಗೆ ಮೂರು ಫೋಟೋ. ಅದಕ್ಕಿಂತ ಜಾಸ್ತಿ ಬೇಡ. ಮೊದಮೊದಲು ಮಂಡಿಯವರು ಪೆನ್‌ಡ್ರೈವ್‌ನಲ್ಲಿ ನೂರಾಎಂಬತ್ತು ಫೋಟೋ ತಂದು ‘ಯಾವುದು ಚೆನ್ನಾಗಿದೆ ನೀವೇ ಹೇಳಿ’ ಅನ್ನುತ್ತಿದ್ದರು. ಆರಿಸುವುದೇ ಅರ್ಧ ಕೆಲಸ, ಅದನ್ನು ಬೇರೆಯವರ ತಲೆಗೆ ಕಟ್ಟಿದರೆ ನಿಮಗೆ ಉಳಿಯುವುದು ಎಂತ?

ಆದಷ್ಟು ಪ್ರಿಂಟ್ ಹಾಕಿಸಿ ತನ್ನಿ. 4×6 ಆದರೂ ಸಾಕು, ಮುಖ್ಯವಾದದ್ದನ್ನು 8×12 ಮಾಡಿಸಿ. ಮೊಬೈಲಿನಲ್ಲಿ ನೋಡಿದರೆ ಎಲ್ಲಾ ಫೋಟೋನೂ ಚೆಂದವೇ. ಹಿಂದಿನಿಂದ ಬೆಳಕು ಬರುತ್ತದೆ, ಬಣ್ಣ ಮಿಂಚುತ್ತದೆ, ಶೇಕ್ ಆದದ್ದು ಗೊತ್ತೇ ಆಗುವುದಿಲ್ಲ. ಕಾಗದದ ಮೇಲೆ ಬಂದಾಗ ನಿಜ ಬಣ್ಣ ಬಯಲಾಗುತ್ತದೆ. ಮೊಬೈಲಿನಲ್ಲೇ ತೋರಿಸಬೇಕಾದರೆ ಬ್ರೈಟ್‌ನೆಸ್ ಮಧ್ಯಕ್ಕೆ ಇಟ್ಟುಕೊಳ್ಳಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಅಂತ ಕಳಿಸಿ. ಮಾಮೂಲಿ ಫೋಟೋ ಥರ ಕಳಿಸಿದರೆ ಅದು ಫೈಲನ್ನು ಕುಗ್ಗಿಸಿಬಿಡುತ್ತದೆ. ನೋಡುವವರು ‘ಶಾರ್ಪ್ ಇಲ್ಲ’ ಅನ್ನುತ್ತಾರೆ, ನೀವು ಸುಮ್ನೆ ಲೆನ್ಸಿಗೆ ಬೈಯುತ್ತೀರಿ.

ಎಡಿಟ್ ಮಾಡಿದ್ದರೆ ಮಾಡದ ಕಾಪಿಯೂ ಜೊತೆಗಿರಲಿ. ಜೋಗದ ಮಳೆಗಾಲದ ಫೋಟೋ ನಮ್ಮಲ್ಲಿ ವರ್ಷಕ್ಕೆ ಹತ್ತಾದರೂ ಬರುತ್ತವೆ. ಮಲೆನಾಡಿನ ಹಸಿರೇ ಸಾಕಷ್ಟು ಹಸಿರು. ಅದಕ್ಕೆ ಮತ್ತೆ ಸ್ಯಾಚುರೇಶನ್ ಎಳೆದರೆ ಗುಡ್ಡಕ್ಕೆ ಪೇಂಟ್ ಹೊಡೆದ ಹಾಗೆ ಕಾಣುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬೇರೆಯವರು ಬಾಯಿಬಿಡಬೇಕಾಗಿಯೇ ಇಲ್ಲ, ತಂದವರಿಗೇ ಕಾಣುತ್ತದೆ.

ಇನ್ನೊಂದು, ಏನು ಬೇಕು ಅಂತ ಕೇಳಿ. ‘ಹೇಗಿದೆ?’ ಅಂತ ಕೇಳಿದರೆ ‘ಚೆನ್ನಾಗಿದೆ’ ಅನ್ನುವ ಉತ್ತರವೇ ಬರುವುದು, ಮದುವೆ ಮನೆಯಲ್ಲಿ ಊಟ ಹೇಗಿತ್ತು ಅಂತ ಕೇಳಿದ ಹಾಗೆ. ‘ಇದರಲ್ಲಿ ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು?’ ಅಂತ ಕೇಳಿ. ‘ಹಿಂದಿನ ಗೋಡೆ ಜಾಸ್ತಿ ಆಯ್ತಾ?’ ಅಂತ ಕೇಳಿ. ‘ಇದನ್ನು ಬ್ಲ್ಯಾಕ್ ಅಂಡ್ ವೈಟ್ ಮಾಡಿದ್ದು ಬೇಕಿತ್ತಾ?’ ಅಂತ ಕೇಳಿ. ಇಂಥದ್ದಕ್ಕೆ ಚೆನ್ನಾಗಿದೆ ಅಂತ ಹೇಳಿ ತಪ್ಪಿಸಿಕೊಳ್ಳಲು ಬರುವುದಿಲ್ಲ.

ಒಂದು ನಿಮಿಷ

ಫೋಟೋ ಮೇಜಿನ ಮೇಲೆ ಇಟ್ಟ ಮೇಲೆ ಒಂದು ನಿಮಿಷ ಯಾರೂ ಮಾತಾಡುವ ಹಾಗಿಲ್ಲ. ಮೊಬೈಲಿನಲ್ಲಿ ಟೈಮರ್ ಇಡುತ್ತೇವೆ. ತಂದವರಂತೂ ಬಾಯಿ ತೆರೆಯುವಂತೆಯೇ ಇಲ್ಲ. ‘ಇದು ಎಂತಾಯ್ತು ಅಂದ್ರೆ, ಅವತ್ತು ಬೆಳಿಗ್ಗೆ ನಾಲ್ಕಕ್ಕೆ ಎದ್ದು...’ ಅಂತ ಶುರುಮಾಡಿದರೆ ಎಲ್ಲರೂ ಆ ಕಥೆಯನ್ನೇ ಕೇಳುತ್ತಾರೆ, ಫೋಟೋ ನೋಡುವುದಿಲ್ಲ. ನೀವು ನಾಲ್ಕಕ್ಕೆ ಎದ್ದದ್ದು ಕಾಗದದ ಮೇಲೆ ಎಲ್ಲೂ ಇಲ್ಲ.

ಒಂದು ನಿಮಿಷ ಎಷ್ಟು ಉದ್ದ ಅಂತ ಕೂತಾಗಲೇ ಗೊತ್ತಾಗುವುದು. ಮೊದಲ ಹತ್ತು ಸೆಕೆಂಡಿನಲ್ಲಿ ಎಲ್ಲಾ ನೋಡಿಯಾಯಿತು ಅನಿಸುತ್ತದೆ. ಇಪ್ಪತ್ತಕ್ಕೆ ಬೋರಾಗುತ್ತದೆ. ಮೂವತ್ತರ ಮೇಲೆ ಮೂಲೆಗಳು ಕಾಣಲು ಶುರುವಾಗುತ್ತವೆ. ಬದಿಯಲ್ಲಿ ಅರ್ಧ ಕತ್ತರಿಸಿದ ಕೈ, ಹಿಂದೆ ಹೊಳೆಯುವ ಪ್ಲಾಸ್ಟಿಕ್ ಕೊಡ, ವಾಲಿದ ನೀರು. ದೊಡ್ಡ ಊರುಗಳಲ್ಲಿ ಸಲಾನ್ ಅನ್ನುವ ಫೋಟೋ ಸ್ಪರ್ಧೆಗಳಲ್ಲಿ ತೀರ್ಪುಗಾರರ ಮುಂದೆ ನೂರಾರು ಫೋಟೋ ಸಾಲಾಗಿ ಹೋಗುತ್ತವೆ, ಒಂದೊಂದಕ್ಕೆ ಕೆಲವೇ ಸೆಕೆಂಡು. ಅದು ಆರಿಸುವ ಕೆಲಸ, ಅವರ ಲೆಕ್ಕ ಬೇರೆ. ಅಂಕ ಸಿಗುತ್ತದೆ, ಆ ಅಂಕ ಯಾಕೆ ಬಂತು ಅನ್ನುವುದು ಸಿಗುವುದಿಲ್ಲ. ಕಲಿಯುವವರಿಗೆ ಬೇಕಾದದ್ದು ಈ ಯಾಕೆ. ಬೆಂಗಳೂರಿನವರಿಗೆ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥದ್ದು ಇದೆ, 1971ರಿಂದ ನಡೆಯುತ್ತಿದೆ. ನಮಗೆ ಸ್ಟಾಕ್ ರೂಮು.

ಮೊದಲು ಕಂಡದ್ದು, ಆಮೇಲೆ ಅನಿಸಿದ್ದು

ಈ ಪದ್ಧತಿಗೆಲ್ಲ ಬೇರು ಇದೊಂದೇ. ಮಾತು ಶುರುವಾಗುವುದು ಕಣ್ಣಿಗೆ ಕಂಡದ್ದರಿಂದ. ಚೆನ್ನಾಗಿದೆ, ಚೆನ್ನಾಗಿಲ್ಲ ಎರಡೂ ಆಮೇಲೆ. ‘ನನಗೆ ಮೊದಲು ಕಂಡದ್ದು ಆ ಕೆಂಪು ಬಕೆಟ್. ಅಲ್ಲಿಂದ ಅಜ್ಜಿಯ ಕೈ. ಮುಖಕ್ಕೆ ಬರಲು ಹೊತ್ತಾಯಿತು.’ ಇಷ್ಟು ಹೇಳಿದರೆ ಸಾಕು. ತೆಗೆದವರು ಅಜ್ಜಿಯ ಮುಖಕ್ಕಾಗಿ ತೆಗೆದಿದ್ದರೆ ಅವರಿಗೇ ಅರ್ಥವಾಗುತ್ತದೆ. ‘ಬಕೆಟ್ ಇಟ್ಟು ಹಾಳು ಮಾಡಿದ್ದೀರಿ’ ಅಂದಿದ್ದರೆ ಅವರು ಬಕೆಟ್ಟಿನ ಪರ ವಕಾಲತ್ತು ಶುರುಮಾಡುತ್ತಿದ್ದರು.

ಒಂದು ಸಲ ನಡೆದದ್ದನ್ನು ಹಾಗೇ ಹೇಳುತ್ತೇನೆ.

ಕಂಡಕ್ಟರು ತಂದ ಫೋಟೋ. ಶರಾವತಿ ಹಿನ್ನೀರಿನಲ್ಲಿ ಸಿಗಂದೂರಿಗೆ ಹೋಗುವ ಲಾಂಚು. ಅದರ ಮೇಲೆ ಒಂದು ಬಸ್ಸು, ನಾಲ್ಕು ಕಾರು, ಸುತ್ತ ಜನ. 2025ರ ಜುಲೈನಲ್ಲಿ ಸೇತುವೆ ಉದ್ಘಾಟನೆ ಆಯಿತಲ್ಲ, ಅದಕ್ಕಿಂತ ಮುಂಚೆ ತೆಗೆದದ್ದು. ಪ್ರಿಂಟ್ ಇಟ್ಟ ತಕ್ಷಣ ಎಲ್ಲರೂ ‘ಅಯ್ಯೋ, ಲಾಂಚು’ ಅಂದರು. ಹೆಡ್‌ಮಾಸ್ಟರು ತಾವು ಮೊದಲ ಸಲ ಲಾಂಚ್ ಹತ್ತಿದ ಕಥೆ ತೆಗೆದರು. ನಾನು ಟೈಮರ್ ತೋರಿಸಿದೆ. ಲಾಂಚಿನ ಮೇಲೆ ನಮಗೆ ಇರುವ ಆಸೆ ಬೇರೆ, ಆ ಫೋಟೋ ಬೇರೆ. ಲಾಂಚ್ ಹತ್ತದೇ ಇದ್ದ ಕಲಬುರಗಿಯವರಿಗೂ ಅದು ಏನಾದರೂ ಹೇಳಬೇಕು.

ನಿಮಿಷ ಮುಗಿಯಿತು. ಹುಡುಗಿ ಹೇಳಿದಳು, ‘ನನ್ನ ಕಣ್ಣು ಬಲಗಡೆ ಆ ಹಳದಿ ಚೀಲಕ್ಕೆ ಹೋಗಿ ಅಲ್ಲೇ ನಿಂತಿತು.’ ಗುಡಿಗಾರರು, ‘ನೀರು ಎಡಗಡೆಗೆ ಇಳಿಜಾರಾಗಿದೆ, ಲಾಂಚು ಜಾರಿಹೋಗುವ ಹಾಗಿದೆ’ ಅಂದರು. ಸ್ಟುಡಿಯೋ ಯಜಮಾನರು ತುಂಬಾ ಹೊತ್ತು ಸುಮ್ಮನಿದ್ದು, ‘ಬಸ್ಸಿನ ಕಿಟಕಿಯಲ್ಲಿ ಒಂದು ಹೆಂಗಸು ಇದ್ದಾಳೆ, ನೋಡಿದಿರಾ?’ ಅಂದರು. ಯಾರೂ ನೋಡಿರಲಿಲ್ಲ. ಕಿಟಕಿಗೆ ಕೆನ್ನೆ ಒತ್ತಿಕೊಂಡು ನೀರನ್ನು ನೋಡುತ್ತಿದ್ದಾಳೆ. ಸುತ್ತಲಿನವರೆಲ್ಲ ಇಳಿದು ಕಟಕಟೆ ಹಿಡಿದು ನಿಂತಿದ್ದಾರೆ, ಅವಳೊಬ್ಬಳೇ ಇಳಿದಿಲ್ಲ.

ಆಗ ರಟ್ಟು ಹೊರಗೆ ಬಂತು. ಇದು ಯಜಮಾನರ ಹಳೇ ವಿದ್ಯೆ. ಔಷಧಿ ಬರುವ ಬಾಕ್ಸಿನ ರಟ್ಟಿನಲ್ಲಿ ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ಎರಡು ತುಂಡು ಕತ್ತರಿಸಿಕೊಳ್ಳಿ. ಒಂದೊಂದು ಕೈ ಹನ್ನೆರಡು ಇಂಚು ಉದ್ದ, ಎರಡು ಇಂಚು ಅಗಲ. ಎರಡನ್ನೂ ಎದುರುಬದುರು ಇಟ್ಟರೆ ಮಧ್ಯೆ ಒಂದು ಕಿಟಕಿ ಆಗುತ್ತದೆ. ಸರಿಸಿದ ಹಾಗೆ ಕಿಟಕಿ ದೊಡ್ಡದು, ಚಿಕ್ಕದು, ಉದ್ದ, ಅಡ್ಡ. ಪ್ರಿಂಟಿನ ಮೇಲೆ ಇಟ್ಟು ಆಡಿಸಿದರೆ ಎಲ್ಲಿ ಕ್ರಾಪ್ ಮಾಡಬೇಕು ಅಂತ ಎಲ್ಲರಿಗೂ ಒಟ್ಟಿಗೆ ಕಾಣುತ್ತದೆ. ಕಂಪ್ಯೂಟರಿನಲ್ಲೂ ಮಾಡಬಹುದು, ಆದರೆ ಅಲ್ಲಿ ಮೌಸ್ ಒಬ್ಬರ ಕೈಯಲ್ಲಿರುತ್ತದೆ. ರಟ್ಟಿನ ಮೇಲೆ ನಾಲ್ಕು ಜನ ಕೈ ಇಡಬಹುದು.

ಯಜಮಾನರು ರಟ್ಟನ್ನು ಸ್ವಲ್ಪ ಓರೆ ಮಾಡಿ ನೀರನ್ನು ಸಮ ಮಾಡಿದರು. ಬಲಗಡೆಯಿಂದ ಸರಿಸಿದರು, ಹಳದಿ ಚೀಲ ಹೋಯಿತು. ಅದರ ಜೊತೆ ಒಂದು ಕಾರೂ ಹೋಯಿತು. ಈಗ ಬಸ್ಸು ಮಧ್ಯದಿಂದ ಬದಿಗೆ ಬಂತು, ಕಿಟಕಿಯ ಹೆಂಗಸಿನ ಎದುರಿಗೆ ನೀರು ಬಿತ್ತು. ಕಂಡಕ್ಟರು ಏನೂ ಮಾತಾಡಲಿಲ್ಲ. ರಟ್ಟನ್ನು ಸರಿಸಿ ಹಳೆಯದನ್ನು ನೋಡಿದರು, ಮತ್ತೆ ಇಟ್ಟು ನೋಡಿದರು. ‘ನಾನು ಅವಳನ್ನು ನೋಡಿ ತೆಗೆದದ್ದಲ್ಲ ಮಾರಾಯ್ರೆ’ ಅಂದರು. ‘ಬಸ್ಸಿನ ನಂಬರ್ ಕಾಣಲಿ ಅಂತ ತೆಗೆದಿದ್ದು. ಅದು ನನ್ನ ಬಸ್ಸು.’

ಕ್ರಾಪ್ ಮಾಡಿದರೆ ನಂಬರ್ ಪ್ಲೇಟ್ ಹೋಗುತ್ತದೆ. ಏನು ಮಾಡಬೇಕು? ನಾವು ಹೇಳಲಿಲ್ಲ. ಅದು ಅವರ ಬಸ್ಸು, ಅವರ ಫೋಟೋ. ಎರಡು ಪ್ರಿಂಟ್ ಹಾಕಿಸಿ ಒಂದನ್ನು ಮನೆಗೆ, ಒಂದನ್ನು ನಮ್ಮ ಗೋಡೆಗೆ ಕೊಟ್ಟರು.

ಹೇಳುವವರು ನೆನಪಿಡಬೇಕಾದದ್ದು

ತಪ್ಪನ್ನು ಫೋಟೋದಲ್ಲಿ ತೋರಿಸಿ, ಮನುಷ್ಯನಲ್ಲಿ ಬೇಡ. ‘ನಿಮಗೆ ಬೆಳಕಿನ ಅಂದಾಜೇ ಇಲ್ಲ’ ಅನ್ನುವುದಕ್ಕೂ ‘ಈ ಬೆಳ್ಳಕ್ಕಿಯ ಬೆನ್ನಿನಲ್ಲಿ ಗರಿ ಕಾಣ್ತಾ ಇಲ್ಲ, ಸುಣ್ಣ ಬಳಿದ ಹಾಗಿದೆ’ ಅನ್ನುವುದಕ್ಕೂ ಬಹಳ ವ್ಯತ್ಯಾಸ. ಮೊದಲನೆಯದನ್ನು ಕೇಳಿದವರು ಕ್ಯಾಮೆರಾ ಮಾರುತ್ತಾರೆ. ಎರಡನೆಯದನ್ನು ಕೇಳಿದವರು ‘ಹಾಗಾದರೆ ಏನು ಮಾಡ್ಬೇಕಿತ್ತು?’ ಅಂತ ಕೇಳುತ್ತಾರೆ.

ಆ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇರಬೇಕು. ತಪ್ಪು ಹೇಳಿದ ಮೇಲೆ ಅದನ್ನು ಎಲ್ಲಿ ಸರಿಮಾಡಬಹುದಿತ್ತು ಅಂತಲೂ ಹೇಳಿ. ಮೂರು ಜಾಗ ಇವೆ: ತೆಗೆಯುವಾಗ ನಿಂತ ಜಾಗ, ಕ್ಯಾಮೆರಾದ ಸೆಟ್ಟಿಂಗು, ಆಮೇಲಿನ ಎಡಿಟು. ಬೆಳ್ಳಕ್ಕಿ ಫೋಟೋ ಹುಡುಗಿಯದು, ತುಂಗೆಯ ನಡುವೆ ಮಂಡಗದ್ದೆಯಲ್ಲಿ ತೆಗೆದದ್ದು. ಹಿಂದೆ ಕಪ್ಪು ಹಸಿರು ಮರ, ಎದುರು ಬೆಳ್ಳಗಿನ ಹಕ್ಕಿ. ಕ್ಯಾಮೆರಾ ಮರವನ್ನು ನೋಡಿ ಕತ್ತಲು ಅಂದುಕೊಂಡು ಬೆಳಕು ಜಾಸ್ತಿ ಮಾಡಿದೆ, ಹಕ್ಕಿ ಸುಟ್ಟುಹೋಗಿದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಕ್ಯಾಮೆರಾ ಅಂದಾಜು ಮಾಡಿದ ಬೆಳಕನ್ನು ನಾವು ಹೆಚ್ಚು ಕಮ್ಮಿ ಮಾಡುವ ಸೆಟ್ಟಿಂಗು) ಮೈನಸ್ ಒಂದಕ್ಕೆ ಇಟ್ಟು ತೆಗೆದಿದ್ದರೆ ಗರಿ ಉಳಿಯುತ್ತಿತ್ತು. ಕ್ಯಾಮೆರಾವೇ ಕುಗ್ಗಿಸಿಕೊಡುವ ಜೆಪೆಗ್ ಫೈಲ್ ಆಗಿದ್ದರಿಂದ ಎಡಿಟ್ ಮಾಡಿದರೂ ಅದು ವಾಪಸ್ ಬರುವುದಿಲ್ಲ. ಕುಗ್ಗಿಸದೆ ಹಾಗೇ ಇಡುವ ರಾ ಫೈಲ್ ಆಗಿದ್ದರೆ ಸ್ವಲ್ಪ ಬರಬಹುದಿತ್ತು. ಇಷ್ಟು ಬಿಡಿಸಿ ಹೇಳಿದ್ದಕ್ಕೆ ಅವಳು ಮುಂದಿನ ವಾರವೇ ಬಸ್ ಹತ್ತಿ ಮತ್ತೆ ಮಂಡಗದ್ದೆಗೆ ಹೋದಳು. ‘ಎಕ್ಸ್‌ಪೋಶರ್ ಸರಿ ಇಲ್ಲ’ ಅಂತ ಬಿಟ್ಟಿದ್ದರೆ ಹೋಗುತ್ತಿರಲಿಲ್ಲ.

ಡೋಸ್ ನೋಡಿಕೊಳ್ಳಿ. ಇದು ನನ್ನ ಕಸುಬಿನ ಮಾತು. ಒಂದು ಫೋಟೋಗೆ ಒಂದೇ ದೊಡ್ಡ ತಪ್ಪು. ಎಂಟು ತಪ್ಪು ಕಂಡರೂ ಯಾವುದನ್ನು ಸರಿಮಾಡಿದರೆ ಫೋಟೋ ಎದ್ದು ನಿಲ್ಲುತ್ತದೋ ಅದನ್ನಷ್ಟೇ ಹೇಳಿ. ಮಿಕ್ಕ ಏಳನ್ನು ನುಂಗಿಕೊಳ್ಳಿ. ಅವು ಮುಂದಿನ ತಿಂಗಳೂ ಬರುತ್ತವೆ, ಎಲ್ಲಿಗೂ ಹೋಗುವುದಿಲ್ಲ.

ಹೊಗಳುವುದಕ್ಕೂ ಕಾರಣ ಕೊಡಿ. ‘ಚೆನ್ನಾಗಿದೆ’ ಅನ್ನುವುದು ನಮ್ಮಲ್ಲಿ ನಿಷೇಧ, ಹೇಳಿದವರು ಹತ್ತು ರೂಪಾಯಿ ಡಬ್ಬಿಗೆ ಹಾಕಬೇಕು. (ಡಬ್ಬಿಯ ದುಡ್ಡಿನಲ್ಲಿ ಮಿರ್ಚಿ ಬಜ್ಜಿ ಬರುತ್ತದೆ. ಹಾಗಾಗಿ ಕೆಲವರು ಬೇಕಂತಲೇ ಹೇಳುತ್ತಾರೆ.) ‘ಮಗುವಿನ ಕಣ್ಣಿನಲ್ಲಿ ಕಿಟಕಿಯ ಬೆಳಕಿನ ಚುಕ್ಕಿ ಬಿದ್ದಿದೆ, ಅದಕ್ಕೇ ಮುಖಕ್ಕೆ ಜೀವ ಬಂದಿದೆ’ ಅಂದರೆ ತೆಗೆದವರು ಮುಂದಿನ ಸಲ ಮಗುವನ್ನು ಕಿಟಕಿ ಹತ್ತಿರವೇ ಕೂರಿಸುತ್ತಾರೆ. ಅಚಾನಕ್ಕಾಗಿ ಸರಿಯಾದದ್ದನ್ನು ಬೇಕೆಂದೇ ಮಾಡಲು ಬರುವುದು ಹೀಗೆ.

ರುಚಿ ಬೇರೆ, ತಪ್ಪು ಬೇರೆ. ಫೋಕಸ್ ಕಣ್ಣಿನ ಮೇಲೆ ಇಲ್ಲದೆ ಕಿವಿ ಮೇಲಿದೆ ಅನ್ನುವುದು ಯಾರು ನೋಡಿದರೂ ಕಾಣುವಂಥದ್ದು. ‘ನನಗೆ ಇಷ್ಟು ನೆರಳು ಹಿಡಿಸಲ್ಲ’ ಅನ್ನುವುದು ನಿಮ್ಮ ರುಚಿ. ಹೇಳಿ, ಪರವಾಗಿಲ್ಲ, ಆದರೆ ‘ನನಗೆ’ ಅನ್ನುವುದನ್ನು ಸೇರಿಸಿ ಹೇಳಿ. ಯಕ್ಷಗಾನದಲ್ಲಿ ಕ್ಯಾಮೆರಾದ ಶಟರ್ ತೆರೆದಿರುವ ಹೊತ್ತನ್ನು ಸೆಕೆಂಡಿನ ಮೂವತ್ತನೇ ಒಂದು ಭಾಗಕ್ಕೆ ಇಟ್ಟರೆ ತಿರುಗುವ ಕೈ ಮಂಜಿನ ಹಾಗೆ ಕರಗುತ್ತದೆ. ಐನೂರನೇ ಒಂದಕ್ಕೆ ಇಟ್ಟರೆ ಬೆರಳು ಬೆರಳೂ ನಿಲ್ಲುತ್ತದೆ. ನನಗೆ ಕರಗಿದ್ದೇ ಇಷ್ಟ, ಗುಡಿಗಾರರಿಗೆ ನಿಂತದ್ದೇ ಬೇಕು. ಐದು ವರ್ಷದಿಂದ ವಾದ ನಡೆದಿದೆ, ಇನ್ನೂ ಐದು ವರ್ಷ ನಡೆಯಲಿ. ಆದರೆ ಕೈಯ ಜೊತೆ ಮುಖವೂ ಕರಗಿದ್ದರೆ ಅದು ರುಚಿ ಅಲ್ಲ, ಶೇಕ್.

ನಾನು ಮಾಡಿಕೊಂಡ ಎಡವಟ್ಟು

ಇಷ್ಟೆಲ್ಲ ಬುದ್ಧಿ ಹೇಳುವವಳು ಮಾಡಿದ್ದನ್ನೂ ಹೇಳಬೇಕು, ಅಲ್ವಾ?

ಎರಡನೇ ವರ್ಷ ಹೆಡ್‌ಮಾಸ್ಟರು ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಫೋಟೋ ತಂದಿದ್ದರು. ಎದುರಿಗೆ ನಂದಿ ಮಂಟಪ, ಹಿಂದೆ ಗುಡಿ, ಮೇಲೆ ನೀಲಿ ಆಕಾಶ. ಅವತ್ತು ನನಗೆ ಅಂಗಡಿಯಲ್ಲಿ ಏನೋ ತಲೆಬಿಸಿ. ನೋಡಿದವಳೇ, ‘ಮೇಷ್ಟ್ರೇ, ಇದು ಕ್ಯಾಲೆಂಡರ್ ಫೋಟೋ’ ಅಂದುಬಿಟ್ಟೆ. ಹುಡುಗಿ ನಕ್ಕಳು. ಅವರೂ ನಕ್ಕರು. ಟೀ ಕುಡಿದು, ಫೋಟೋ ಚೀಲಕ್ಕೆ ಹಾಕಿಕೊಂಡು ಹೋದರು. ಆಮೇಲೆ ನಾಲ್ಕು ತಿಂಗಳು ಬರಲಿಲ್ಲ. ಮಂಡಿನೋವು ಅಂತ ಹೇಳಿಕಳಿಸಿದರು. ಮಂಡಿನೋವಿನ ಮುಲಾಮು ಅವರು ತಗೊಳ್ಳುವುದು ನನ್ನ ಅಂಗಡಿಯಲ್ಲೇ. ಆ ನಾಲ್ಕು ತಿಂಗಳಲ್ಲಿ ಒಂದೂ ತಗೊಳ್ಳಲಿಲ್ಲ.

‘ಕ್ಯಾಲೆಂಡರ್ ಫೋಟೋ’ ಅನ್ನುವ ಮಾತಿನಲ್ಲಿ ಅವರು ಹಿಡಿದುಕೊಳ್ಳುವಂಥದ್ದು ಏನಾದರೂ ಇತ್ತಾ? ಇಲ್ಲ. ನಾನು ಹೇಳಬಹುದಾಗಿದ್ದದ್ದು ಎರಡು, ಅದರಲ್ಲಿ ಒಂದು ಹೇಳಿದ್ದರೂ ಸಾಕಿತ್ತು. ಒಂದು, ನಡುಮಧ್ಯಾಹ್ನ ತೆಗೆದಿದ್ದರಿಂದ ಬೆಳಕು ನೆತ್ತಿಯಿಂದ ಬಿದ್ದು ಕಲ್ಲಿನ ಕೆತ್ತನೆ ಚಪ್ಪಟೆಯಾಗಿದೆ, ಬೆಳಿಗ್ಗೆಯೋ ಸಂಜೆಯೋ ಪಕ್ಕದ ಬೆಳಕಿನಲ್ಲಿ ತೆಗೆದರೆ ಪ್ರತಿ ಗೆರೆಗೂ ನೆರಳು ಬೀಳುತ್ತದೆ. ಎರಡು, ಹತ್ತಿರ ನಿಂತು ಕ್ಯಾಮೆರಾ ಮೇಲಕ್ಕೆ ಎತ್ತಿದ್ದರಿಂದ ಗುಡಿ ಹಿಂದಕ್ಕೆ ಬೀಳುವ ಹಾಗಿದೆ, ಹಿಂದೆ ಸರಿದು ಕ್ಯಾಮೆರಾ ನೆಟ್ಟಗೆ ಹಿಡಿದರೆ ಗೋಡೆ ನೆಟ್ಟಗಾಗುತ್ತದೆ. ಈ ಎರಡು ಮಾತಿನ ಬದಲು ನಾನು ಒಂದು ಚಾಟಿ ಬೀಸಿದ್ದೆ. ಅದೂ ಅವರ ಶಿಷ್ಯೆಯ ವಯಸ್ಸಿನ ಹುಡುಗಿಯ ಎದುರಿಗೆ.

ಹಿರಿಯರಿಗೆ ಹೇಳುವುದು ನಮ್ಮಲ್ಲಿ ಕಷ್ಟವೇ. ಅದಕ್ಕೊಂದು ಉಪಾಯ ಇದೆ: ಕೇಳುವುದು. ‘ಮೇಷ್ಟ್ರೇ, ಇದು ಎಷ್ಟು ಹೊತ್ತಿಗೆ ತೆಗೆದದ್ದು?’ ಅಂತ ಕೇಳಿದ್ದರೆ ಅವರೇ ‘ಹನ್ನೆರಡು ಗಂಟೆ, ಬಿಸಿಲು ಜಾಸ್ತಿ ಆಯ್ತು’ ಅಂದಿರುತ್ತಿದ್ದರು. ಆದರೆ ಉತ್ತರ ಗೊತ್ತಿದ್ದೂ ಪರೀಕ್ಷೆ ಮಾಡುವ ದನಿಯಲ್ಲಿ ಕೇಳಬೇಡಿ. ನಲವತ್ತು ವರ್ಷ ಪ್ರಶ್ನೆ ಪತ್ರಿಕೆ ತೆಗೆದವರಿಗೆ ಆ ದನಿ ಚೆನ್ನಾಗಿ ಗೊತ್ತು. ಇನ್ನೊಂದು, ‘ಬೇಜಾರು ಮಾಡ್ಕೋಬೇಡಿ ಸರ್’ ಅಂತ ಶುರುಮಾಡಬೇಡಿ. ಆ ಮಾತು ಕಿವಿಗೆ ಬಿದ್ದ ತಕ್ಷಣ ಎಂಥವರೂ ಬೇಜಾರಾಗಲು ತಯಾರಾಗುತ್ತಾರೆ.

ಕೇಳಿಸಿಕೊಳ್ಳುವವರಿಗೆ

ಇದು ಹೇಳುವುದಕ್ಕಿಂತ ಕಷ್ಟ. ನಮ್ಮ ನಿಯಮ, ಎಲ್ಲರೂ ಹೇಳಿ ಮುಗಿಸುವ ತನಕ ತಂದವರು ಬರೀ ಬರೆದುಕೊಳ್ಳಬೇಕು. ಕೈಯಲ್ಲಿ ಪೆನ್ನಿದ್ದರೆ ಬಾಯಿ ಸ್ವಲ್ಪ ಸುಮ್ಮನಿರುತ್ತದೆ. ನಾನು ಹಳೇ ಬಿಲ್ ಬುಕ್ಕಿನ ಹಿಂದೆ ಬರೆಯುತ್ತೇನೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ. ‘ಹಿಂದೆ ಗಲಾಟೆ’ ಅಂದರೆ ಹಾಗೇ ಬರೆಯಿರಿ. ‘ಬ್ಯಾಕ್‌ಗ್ರೌಂಡ್ ಸರಿ ಇಲ್ಲವಂತೆ, ಅವರಿಗೇನು ಗೊತ್ತು’ ಅಂತ ಬೇಡ.

‘ಅಲ್ಲಿ ಜಾಗ ಇರಲಿಲ್ಲ’, ‘ಜನ ನೂಕುತ್ತಿದ್ದರು’, ‘ನನ್ನ ಲೆನ್ಸ್ ಅಷ್ಟೇ’ ಅನ್ನುವುದೆಲ್ಲ ನಿಜವೇ ಇರಬಹುದು. ಮೂರು ವರ್ಷಕ್ಕೊಮ್ಮೆ ಬರುವ ನಮ್ಮೂರ ಮಾರಿಕಾಂಬಾ ಜಾತ್ರೆಯಲ್ಲಿ ತೇರಿನ ಎದುರಿಗೆ ಕಾಲಿಡಲು ಜಾಗ ಸಿಗುವುದಿಲ್ಲ, ನನಗೂ ಗೊತ್ತು. ಆದರೆ ಆ ಕಾರಣಗಳಿಂದ ಫೋಟೋ ಬದಲಾಗುವುದಿಲ್ಲ. ಬೇಕಿದ್ದರೆ ಕೊನೆಯಲ್ಲಿ ಅದನ್ನೇ ಪ್ರಶ್ನೆ ಮಾಡಿ: ‘ಅಂಥ ನೂಕುನುಗ್ಗಲಿನಲ್ಲಿ ನೀವಾದರೆ ಎಲ್ಲಿ ನಿಲ್ಲುತ್ತಿದ್ದಿರಿ?’ ನಾನು ಹಾಗೆ ಕೇಳಿದಾಗ ಮಂಡಿಯವರು, ‘ತೇರಿನ ಎದುರಿಗೆ ಯಾಕೆ ನಿಲ್ಲುತ್ತೀರಿ? ಮಹಡಿ ಹತ್ತಿ. ನಮ್ಮ ದಾಯಾದಿ ಮನೆ ಅಲ್ಲೇ ಇದೆ’ ಅಂದರು. ಅಷ್ಟು ವರ್ಷ ನೆಲದಲ್ಲೇ ಒದ್ದಾಡಿದ್ದೆ.

ಆಮೇಲೆ ಒಂದು ರಾತ್ರಿ ಕಳೆಯಲಿ. ಇದನ್ನು ನಾನು ಕಲಿತದ್ದು ಹೆಗ್ಗೋಡಿನಲ್ಲಿ. ನೀನಾಸಂ ಸಂಸ್ಕೃತಿ ಶಿಬಿರದಲ್ಲಿ ಸಂಜೆ ನಾಟಕ ನೋಡಿ ಅದರ ಬಗ್ಗೆ ಮಾರನೇ ದಿನ ಮಾತಾಡುತ್ತಾರೆ. ರಾತ್ರಿ ಬಂದ ಸಿಟ್ಟು, ರಾತ್ರಿ ಬಂದ ಭಕ್ತಿ ಎರಡೂ ಬೆಳಿಗ್ಗೆ ಕಾಫಿ ಹೊತ್ತಿಗೆ ಸ್ವಲ್ಪ ಇಳಿದಿರುತ್ತವೆ. ಭಾನುವಾರ ಕೇಳಿಸಿಕೊಂಡದ್ದನ್ನು ಸೋಮವಾರ ತೆಗೆದು ಓದಿ. ಭಾನುವಾರ ಅವಮಾನ ಅನಿಸಿದ್ದರಲ್ಲಿ ಅರ್ಧ, ಸೋಮವಾರ ಬರೀ ಮಾಹಿತಿ ಆಗಿರುತ್ತದೆ.

ಓದುವಾಗ ಹೀಗೆ ಬೇರ್ಪಡಿಸಿ. ಇಬ್ಬರು ಬೇರೆ ಬೇರೆ ಮಾತಿನಲ್ಲಿ ಒಂದೇ ಜಾಗ ತೋರಿಸಿದ್ದರೆ ಅಲ್ಲಿ ಏನೋ ಇದೆ, ಸುಮ್ಮನೆ ಒಪ್ಪಿಕೊಳ್ಳಿ. ಒಬ್ಬರು ಕತ್ತಲೆ ಜಾಸ್ತಿ ಅಂದು ಇನ್ನೊಬ್ಬರು ಆ ಕತ್ತಲೆಯೇ ಚೆಂದ ಅಂದಿದ್ದರೆ ತೀರ್ಮಾನ ನಿಮ್ಮದು. ಪರಿಹಾರ ಹೇಳಿದ್ದನ್ನು ಕಣ್ಣುಮುಚ್ಚಿ ನಂಬಬೇಡಿ. ನೋವು ಎಲ್ಲಿದೆ ಅಂತ ಜನ ಸರಿಯಾಗೇ ಹೇಳುತ್ತಾರೆ, ಮಾತ್ರೆ ಯಾವುದು ಅಂತ ಹೇಳುವಾಗ ತಪ್ಪುತ್ತಾರೆ. ಕೌಂಟರಿನಲ್ಲಿ ದಿನಾ ನೋಡುತ್ತೇನೆ. ‘ಬ್ಲ್ಯಾಕ್ ಅಂಡ್ ವೈಟ್ ಮಾಡಿ’ ಅಂದವರಿಗೆ ನಿಜವಾಗಿ ತೊಂದರೆ ಕೊಟ್ಟದ್ದು ಸ್ಟೇಜಿನ ನೇರಳೆ ಎಲ್‌ಇಡಿ ಲೈಟು. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣವನ್ನು ಸರಿದೂಗಿಸುವ ಸೆಟ್ಟಿಂಗು) ಸರಿಮಾಡಿದ್ದೇ ತಡ, ವೇಷದ ಕೆಂಪು ವಾಪಸ್ ಬಂತು.

ಕೊನೆಗೆ, ಸಾಧ್ಯವಾದರೆ ಅದನ್ನೇ ಮತ್ತೆ ತೆಗೆದು ತನ್ನಿ. ಅದೇ ಜಾಗ, ಅದೇ ವಸ್ತು. ಹೊಸ ಫೋಟೋ ತಂದರೆ ಹೊಸ ತಪ್ಪು ಬರುತ್ತದೆ, ಹಳೆಯದು ತಿದ್ದಿತೋ ಇಲ್ಲವೋ ಗೊತ್ತಾಗುವುದಿಲ್ಲ.

ಸುಮ್ಮನಿರಬೇಕಾದ ಫೋಟೋಗಳು

ಎಲ್ಲಾ ಫೋಟೋಗೂ ಅಭಿಪ್ರಾಯ ಬೇಕಿಲ್ಲ. ನೆಂಟರು ನಾಮಕರಣದ ಫೋಟೋ ಕಳಿಸಿದರೆ ‘ಮಗು ಮುದ್ದಾಗಿದೆ’ ಅನ್ನಿ, ಹೊರೈಜನ್ ಬಗ್ಗೆ ಮಾತಾಡಬೇಡಿ. ಕೇಳದೆ ಹೇಳಬೇಡಿ. ಫೋಟೋದಲ್ಲಿ ಇರುವವರ ಮೈಬಣ್ಣ, ದಪ್ಪ, ಸೀರೆ ಇವೆಲ್ಲ ಫೋಟೋದ ವಿಷಯವೇ ಅಲ್ಲ. ‘ಇನ್ನೊಂಚೂರು ಬೆಳ್ಳಗೆ ಮಾಡಬಹುದಿತ್ತು’ ಅಂತ ನಮ್ಮಲ್ಲಿ ಒಬ್ಬರು ಒಮ್ಮೆ ಅಂದರು. ಯಜಮಾನರು ರಟ್ಟು ಕೆಳಗಿಟ್ಟು, ‘ಸ್ಟುಡಿಯೋದಲ್ಲಿ ಮೂವತ್ತು ವರ್ಷ ಅದನ್ನೇ ಮಾಡಿದ್ದೇನೆ. ಇಲ್ಲಿ ಬೇಡ’ ಅಂದರು. ಮತ್ತೆ ಯಾರೂ ಆ ಮಾತೆತ್ತಲಿಲ್ಲ.

ಗುಡಿಗಾರರು ಒಂದು ತಿಂಗಳು ಅವರ ತಾಯಿಯ ಫೋಟೋ ತಂದಿದ್ದರು. ಮೊಬೈಲಿನಲ್ಲಿ ತೆಗೆದದ್ದು, ಪೋರ್ಟ್ರೇಟ್ ಮೋಡಿನಲ್ಲಿ ಕೂದಲಿನ ಅಂಚೆಲ್ಲ ಅಳಿಸಿಹೋಗಿತ್ತು, ಅರ್ಧ ಕಿವಿಯೂ ಮಾಯ. ನಿಮಿಷ ಮುಗಿಯಿತು. ಯಾರೋ ಮಾತಾಡಲು ಹೊರಟರು. ‘ಹೋದ ತಿಂಗಳು ಹೋದರು’ ಅಂದರು ಗುಡಿಗಾರರು. ‘ಸುಮ್ನೆ ತೋರಿಸೋಣ ಅಂತ ತಂದೆ.’ ಆಮೇಲೆ ಟೀ ತರಿಸಿದೆವು.

ಹೆಡ್‌ಮಾಸ್ಟರ ವಿಷಯ ಅರ್ಧಕ್ಕೆ ಬಿಟ್ಟೆ. ನಾಲ್ಕನೇ ತಿಂಗಳು ನಾನೇ ಅವರ ಮನೆಗೆ ಹೋದೆ. ಕ್ಷಮೆ ಕೇಳಲು ಬಾಯಿ ಬರಲಿಲ್ಲ. ಮುಲಾಮು ಕೊಟ್ಟು, ‘ಮೇಷ್ಟ್ರೇ, ಇಕ್ಕೇರಿಗೆ ಒಂದು ದಿನ ಬೆಳಿಗ್ಗೆ ಹೋಗೋಣ್ವಾ? ಬಿಸಿಲು ಏರುವ ಮೊದಲು’ ಅಂದೆ. ಅವರು ಮುಲಾಮಿನ ಎಕ್ಸ್‌ಪೈರಿ ಡೇಟ್ ನೋಡಿ, ‘ನೋಡೋಣ’ ಅಂದರು. ನನ್ನ ಜೊತೆ ಬರಲಿಲ್ಲ. ಒಬ್ಬರೇ ಹೋಗಿಬಂದಿದ್ದರು. ಮುಂದಿನ ಭಾನುವಾರ ಎಲ್ಲರಿಗಿಂತ ಮೊದಲು ಬಂದು, 8×12 ಪ್ರಿಂಟನ್ನು ಮೇಜಿನ ಮೇಲೆ ಇಟ್ಟು, ಟೈಮರನ್ನು ತಾವೇ ಒತ್ತಿ, ನನ್ನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. ಪೆನ್ನಿನ ಮುಚ್ಚಳ ತೆಗೆದಿತ್ತು.